ನಾಲಿಗೆಯ ಮೇಲಿನ ತುಳಸಿ

"ಗುರುಗಳೇ, ನನ್ನ ತರಗತಿಯಲ್ಲಿ ಒಬ್ಬಳು ಹುಡುಗಿ ಇದ್ದಾಳೆ. ತುಂಬಾ ಒಳ್ಳೆಯವಳು. ಅವಳನ್ನು ನೋಡಿದರೆ ನನಗೆ ಯಾಕೆ ಭಯವಾಗುತ್ತದೆ?"

ಕೇಳಿದವಳು ಕಾತ್ಯಾಯಿನಿ. ಬೆಟ್ಟದ ಕೆಳಗಿನ ಊರಿನ ವಸತಿ ಶಾಲೆಯಲ್ಲಿ ಪಾಠ ಹೇಳುವವಳು. ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ನಾಲ್ಕು ಜನರ ಮುಂದೆ ಬಾಯಿ ಬಿಡಲು ಹಿಂಜರಿಯುವ ಸ್ವಭಾವ ಅವಳದು. ಈ ಪ್ರಶ್ನೆಯನ್ನು ಬೆಟ್ಟದ ಮೇಲಿನ ಆಶ್ರಮದ ಮೆಟ್ಟಿಲು ಹತ್ತುವ ಉದ್ದಕ್ಕೂ ಮನಸ್ಸಿನಲ್ಲೇ ಹೇಳಿ ಹೇಳಿ ರೂಢಿ ಮಾಡಿಕೊಂಡು ಬಂದಿದ್ದಳು.

ಗುರುಗಳು ಆಶ್ರಮದ ಜಗಲಿಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಕೈ ನಿಲ್ಲಿಸದೆ ಕೇಳಿದರು.

"ಒಳ್ಳೆಯವಳು ಅಂದರೆ?"

"ತಂಟೆಯಿಲ್ಲ, ಜಗಳವಿಲ್ಲ. ಕೇಳಿದ್ದಕ್ಕೆ ಉತ್ತರ ಹೇಳುತ್ತಾಳೆ. ಆದರೆ ಎಲ್ಲರೂ ನಕ್ಕಾಗ ಅವಳು ಒಂದು ಗಳಿಗೆ ತಡೆದು ನಗುತ್ತಾಳೆ. ಬೇರೆಯವರು ನಗುತ್ತಿದ್ದಾರೆಂದು ನೋಡಿಕೊಂಡು, ಆಮೇಲೆ. ಮೊದಲು ಹೀಗಿರಲಿಲ್ಲ, ಗುರುಗಳೇ."

"ಯಾರಿಗಾದರೂ ಹೇಳಿದೆಯಾ?"

"ಹಿರಿಯ ಟೀಚರ್ ಒಬ್ಬರಿಗೆ ಹೇಳಿದೆ. 'ಅಲ್ಲಮ್ಮಾ, ಕುಣಿಯುವವರನ್ನು ಕೂರಿಸುವಷ್ಟರಲ್ಲೇ ನಮಗೆ ಸಾಕಾಗಿ ಹೋಗುತ್ತದೆ. ಕೂತವಳನ್ನು ನೀನು ಯಾಕೆ ಎಬ್ಬಿಸುತ್ತೀ?' ಅಂತ ನಕ್ಕುಬಿಟ್ಟರು. ನನಗೂ ಅನುಮಾನ ಬಂತು. ಒಂದು ಮಗುವಿನ ವಿಷಯವನ್ನು ಅಲ್ಲಿ ಇಲ್ಲಿ ಆಡುವುದು ತಪ್ಪಲ್ಲವೇ?"

ಗುರುಗಳು ಬೀಜಗಳನ್ನು ಒಂದು ಕಡೆ ಸರಿಸಿದರು. "ಕೂತುಕೋ ತಾಯಿ," ಎಂದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಪಂಡಿತನಿದ್ದ. ಪಾಠಶಾಲೆ ನಡೆಸುತ್ತಿದ್ದ. ಮಕ್ಕಳು ಅಲ್ಲೇ ಉಂಡು, ಅಲ್ಲೇ ಮಲಗಿ, ಅಲ್ಲೇ ಕಲಿಯುತ್ತಿದ್ದರು. ಅದಕ್ಕೆ ಮುಂಚೆ ಅವನು ಬೇರೊಂದು ಊರಿನಲ್ಲಿ ಪಾಠ ಹೇಳಿಕೊಂಡಿದ್ದವನು. ಅಲ್ಲಿ ಅಡುಗೆಮನೆಯ ಮಾತು ಅಧ್ಯಾಪಕರ ಕಿವಿಗೆ ಹೋಯಿತು. ಅಧ್ಯಾಪಕರ ಮಾತು ಊರಿನ ಕಿವಿಗೆ ಹೋಯಿತು. ಚಾಡಿಯ ಮೇಲೆ ಚಾಡಿ ಬೆಳೆದು, ಒಬ್ಬರ ಮುಖ ಒಬ್ಬರು ನೋಡದಂತಾಗಿ, ಕೊನೆಗೆ ಆ ಶಾಲೆಯ ಬಾಗಿಲೇ ಮುಚ್ಚಿತು.

ಆದ್ದರಿಂದ ಹೊಸ ಶಾಲೆಯಲ್ಲಿ ಅವನು ಒಂದು ಪದ್ಧತಿ ಇಟ್ಟ. ಅಧ್ಯಾಪಕನಾಗಲಿ, ಅಡುಗೆಯವಳಾಗಲಿ, ಆಳಾಗಲಿ, ಹೊಸದಾಗಿ ಸೇರಿದ ಮಗುವಾಗಲಿ, ಮೊದಲ ದಿನ ನಾಲಿಗೆಯ ಮೇಲೆ ಒಂದು ತುಳಸಿ ದಳ ಇಟ್ಟುಕೊಂಡು ನಿಲ್ಲಬೇಕು. ಪಂಡಿತ ಹೇಳುತ್ತಿದ್ದ, "ಕಣ್ಣು ಕಂಡದ್ದು ಕಣ್ಣಿನಲ್ಲೇ ಇರಲಿ." ದಳ ನುಂಗಿದರೆ ಮಾತು ಕೊಟ್ಟಂತೆ, ವ್ರತ ಹಿಡಿದಂತೆ.

ಪದ್ಧತಿ ಫಲ ಕೊಟ್ಟಿತು. ಜಗಳ ನಿಂತಿತು. ಬಂದವರೆಲ್ಲ, "ಎಂಥ ಶಾಂತಿ ಇದೆಯಪ್ಪಾ ಇಲ್ಲಿ!" ಎಂದು ಹೊಗಳಿ ಹೋಗುತ್ತಿದ್ದರು. ಪಂಡಿತನಿಗೆ ತನ್ನ ಪಾಂಡಿತ್ಯಕ್ಕಿಂತ ಈ ಶಾಂತಿಯ ಮೇಲೆ ಹೆಚ್ಚು ಹೆಮ್ಮೆ.

ಅಲ್ಲಿಗೆ ಒಬ್ಬ ರೈತನ ಮಗ ಕಲಿಯಲು ಬಂದ. ಗಂಟಲು ಜೋರಿನ ಹುಡುಗ. ಬೆಳಗಿನ ಪ್ರಾರ್ಥನೆಯಲ್ಲಿ ಅವನ ದನಿ ಗೋಡೆ ದಾಟಿ ಬೀದಿಗೆ ಕೇಳಿಸುತ್ತಿತ್ತು. "ಮೆಲ್ಲಗೆ ಕಣೋ, ದೇವರಿಗೇನು ಕಿವುಡೇ?" ಎಂದು ಅಧ್ಯಾಪಕ ಗದರಿಸುತ್ತಿದ್ದ. ಮಕ್ಕಳು ಗೊಳ್ಳೆಂದು ನಗುತ್ತಿದ್ದರು. ಹುಡುಗನೂ ನಗುತ್ತಿದ್ದ. ಮರುದಿನ ಇನ್ನಷ್ಟು ಜೋರಾಗಿ ಹಾಡುತ್ತಿದ್ದ.

ಸಂಕ್ರಾಂತಿಗೆ ಊರಿಗೆ ಹೋದ ಹುಡುಗ ತಿರುಗಿ ಬಂದ. ಬಂದದ್ದು ಅವನೇ, ಆದರೆ ದನಿ ಬಂದಿರಲಿಲ್ಲ.

ಅಧ್ಯಾಪಕ ಗಮನಿಸಿದ. ಪ್ರಾರ್ಥನೆಯಲ್ಲಿ ಹುಡುಗನ ತುಟಿ ಆಡುತ್ತಿತ್ತು, ಸ್ವರ ಹೊರಡುತ್ತಿರಲಿಲ್ಲ. ಅಧ್ಯಾಪಕನಿಗೆ ಸಂತೋಷವಾಯಿತು. ಇವನಿಗೆ ಬುದ್ಧಿ ಬಂತು ಎಂದುಕೊಂಡ. "ನೋಡಿರೋ, ವಿನಯ ಅಂದರೆ ಇದು. ಇವನ ಹಾಗಿರಿ," ಎಂದು ಉಳಿದ ಮಕ್ಕಳ ಮುಂದೆ ಅವನನ್ನು ನಿಲ್ಲಿಸಿ ಹೊಗಳಿದ.

ಅಡುಗೆಯವಳು ಗಮನಿಸಿದಳು. ಹುಡುಗ ತನ್ನ ಎಲೆಯಲ್ಲಿದ್ದ ಮುದ್ದೆಯನ್ನು ಪಕ್ಕದವನ ಎಲೆಗೆ ಸರಿಸುತ್ತಿದ್ದ. "ಏನೋ ಕರ್ಣ, ದಾನ ಬಲು ಜೋರಾಗಿದೆ! ನಿನ್ನ ಹೊಟ್ಟೆಗೂ ಸ್ವಲ್ಪ ದಾನ ಮಾಡೋ," ಎಂದಳು.

"ಹಸಿವಿಲ್ಲಮ್ಮಾ," ಎಂದ.

ಕೊಳದಿಂದ ನೀರು ಹೊರುವ ಆಳೂ ಗಮನಿಸಿದ. ಹುಡುಗ ಸ್ನಾನಕ್ಕೆಂದು ಎಲ್ಲರಿಗಿಂತ ಮೊದಲು ಬರುತ್ತಿದ್ದ. ಸ್ನಾನ ಮಾಡುತ್ತಿರಲಿಲ್ಲ. ಮೆಟ್ಟಿಲ ಮೇಲೆ ಕೂತು ನೀರನ್ನೇ ನೋಡುತ್ತಿದ್ದ. ದೈವಭಕ್ತಿ ಇರಬೇಕು ಎಂದುಕೊಂಡು ಆಳು ತನ್ನ ಕೊಡ ತುಂಬಿಸಿಕೊಂಡು ಹೋದ.

ಒಂದು ದಿನ ಹುಡುಗ ತನ್ನ ಬುಗುರಿಯನ್ನು ಗೆಳೆಯನಿಗೆ ಕೊಟ್ಟ. ಹೊದಿಕೆಯನ್ನು ಇನ್ನೊಬ್ಬನಿಗೆ ಕೊಟ್ಟ. ಊರಿನಿಂದ ತಂದಿದ್ದ ಹಿತ್ತಾಳೆ ಲೋಟವನ್ನು ಅಡುಗೆಯವಳ ಕೈಗಿಟ್ಟು, "ನಿಮ್ಮ ಹತ್ತಿರವೇ ಇರಲಮ್ಮಾ, ನನಗೆ ಬೇಡ," ಎಂದ.

ಅಡುಗೆಯವಳ ಎದೆಯಲ್ಲಿ ಏನೋ ಚುಚ್ಚಿತು. ನೀರಿನ ಆಳು ಕೊಡ ಇಳಿಸುತ್ತಿದ್ದ. ಅವನಿಗೆ ಹೇಳೋಣವೆಂದು ಬಾಯಿ ತೆರೆದಳು. ತುಳಸಿಯ ನೆನಪಾಯಿತು. ಬಾಯಿ ಮುಚ್ಚಿದಳು. ಆಡಿದರೆ ಚಾಡಿಯಾದೀತು, ಪಾಪ, ಹುಡುಗನಿಗೆ ಏಟು ಬಿದ್ದೀತು ಎಂದುಕೊಂಡಳು. ಲೋಟವನ್ನು ತೊಳೆದು ಗೂಡಿನಲ್ಲಿಟ್ಟಳು.

ಅವಳನ್ನು ಮಾತ್ರ ದೂರುವಂತಿಲ್ಲ. ಆಳಿಗೂ ಹಾಗೇ ಅನಿಸಿತ್ತು, ಅಧ್ಯಾಪಕನಿಗೂ ಒಂದು ದಿನ ಅನಿಸಿತ್ತು. ಆದರೆ ವ್ರತ ಇದೆಯಲ್ಲ ಎಂಬುದು ಎಲ್ಲರಿಗೂ ಒಂದು ನೆಮ್ಮದಿ. ವ್ರತ ಕೆಲವು ಸಲ ಒಳ್ಳೆಯ ಹೊದಿಕೆ. ಹೊದ್ದು ಮಲಗಿದರೆ ಚಳಿ ತಾಕುವುದಿಲ್ಲ.

ಒಂದು ಬೆಳಿಗ್ಗೆ ಪ್ರಾರ್ಥನೆಗೆ ಹುಡುಗ ಬರಲಿಲ್ಲ.

ಕೋಣೆಯಲ್ಲಿ ಹುಡುಕಿದರು. ಕೊಳದ ಸುತ್ತ ಹುಡುಕಿದರು. ಆಳು ಕೊಳಕ್ಕಿಳಿದು ಮುಳುಗಿ ಮುಳುಗಿ ನೋಡಿದ. ಅವನು ಬರಿಗೈಯಲ್ಲಿ ಮೇಲೆ ಬಂದಾಗ, ಮೆಟ್ಟಿಲ ಮೇಲೆ ನಿಂತವರಿಗೆ ಅಳುವುದೋ ನೆಮ್ಮದಿಯ ಉಸಿರು ಬಿಡುವುದೋ ತಿಳಿಯಲಿಲ್ಲ.

"ಅವನು ಕೊಳಕ್ಕೇ ಬಿದ್ದಿರಬೇಕೆಂದು ನಿನಗೆ ಹೇಗೆ ಅನಿಸಿತು?" ಪಂಡಿತ ಕೇಳಿದ.

ಹುಡುಗ ದಿನಾ ಮೆಟ್ಟಿಲ ಮೇಲೆ ಕೂತು ನೀರು ನೋಡುತ್ತಿದ್ದುದನ್ನು ಆಳು ಹೇಳಿದ. ಅವನು ಹೇಳಿದ್ದನ್ನು ಕೇಳಿ ಅಡುಗೆಯವಳು ಮುದ್ದೆಯ ಮಾತು ಹೇಳಿದಳು, ಲೋಟದ ಮಾತು ಹೇಳಿದಳು. ಅಧ್ಯಾಪಕ ಸ್ವರವಿಲ್ಲದ ತುಟಿಯ ಮಾತು ಹೇಳಿದ. ಎಲೆ ಅಡಿಕೆ ಅಗಿಯುವಷ್ಟು ಹೊತ್ತಿನಲ್ಲಿ ಇಡೀ ಹುಡುಗ ಅವರ ಕಣ್ಣ ಮುಂದೆ ನಿಂತ. ನಿಜವಾದ ಹುಡುಗ ಎಲ್ಲಿದ್ದಾನೆಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಒಬ್ಬ ಕುರುಬ ಅವನ ಕೈ ಹಿಡಿದು ಕರೆದುಕೊಂಡು ಬಂದ. ಹೊಳೆಯಾಚೆಯ ಪಾಳು ಮಂಟಪದಲ್ಲಿ ಕೂತಿದ್ದನಂತೆ. ಕೂಗಿದರೆ ಓಗೊಡಲಿಲ್ಲವಂತೆ. ಜೀವವಿತ್ತು.

ಎಲ್ಲರೂ ಮುತ್ತಿದರು. ಅಧ್ಯಾಪಕ ಧೈರ್ಯದ ಬಗ್ಗೆ ಒಂದು ಶ್ಲೋಕ ಶುರು ಮಾಡಿದ. ಅಡುಗೆಯವಳು ಪಾಯಸ ಮಾಡಲು ಓಡಿದಳು. "ನಿನಗೇನಪ್ಪಾ ಕಡಿಮೆಯಾಗಿದೆ ಇಲ್ಲಿ?" ಎಂದು ಯಾರೋ ಕೇಳಿದರು. ಹುಡುಗ ಎಲ್ಲರಿಗೂ ಒಂದೇ ಉತ್ತರ ಕೊಟ್ಟ. "ನಾನು ಚೆನ್ನಾಗಿದ್ದೇನೆ."

ಪಂಡಿತ ಎಲ್ಲರನ್ನೂ ದೂರ ಕಳಿಸಿದ. ತಾನೊಬ್ಬನೇ ಉಳಿದು ಕೇಳಿದ, "ಯಾಕೆ ಮಗು, ನಮ್ಮಲ್ಲಿ ಒಬ್ಬರಿಗೂ ಹೇಳಲಿಲ್ಲವಲ್ಲ?"

ಹುಡುಗ ಅವನ ಮುಖ ನೋಡಿದ. ಅಚ್ಚರಿಪಟ್ಟವನ ಹಾಗೆ ನೋಡಿದ.

"ಇಲ್ಲಿ ಯಾರ ವಿಷಯವನ್ನೂ ಹೇಳಬಾರದಲ್ಲ, ಗುರುಗಳೇ. ನನ್ನದನ್ನೂ ಹೇಳಬಾರದು ಅಂದುಕೊಂಡೆ."

ಪಂಡಿತನಿಗೆ ಬಾಯಿಪಾಠವಿದ್ದ ಶ್ಲೋಕಗಳಲ್ಲಿ ಒಂದೂ ಅಲ್ಲಿಗೆ ಸಲ್ಲಲಿಲ್ಲ. ಅವನು ತನ್ನ ಮಣೆ ಬಿಟ್ಟು ಹುಡುಗನ ಪಕ್ಕದಲ್ಲಿ ನೆಲದ ಮೇಲೆ ಕೂತ. ಏನೂ ಕೇಳಲಿಲ್ಲ. ಪಾಠದ ಗಂಟೆ ಹೊಡೆಯಿತು, ಏಳಲಿಲ್ಲ. ಊಟದ ಗಂಟೆ ಹೊಡೆಯಿತು, ಏಳಲಿಲ್ಲ. ನೆರಳು ಅಂಗಳ ದಾಟಿದ ಮೇಲೆ ಹುಡುಗ ಅಳತೊಡಗಿದ. ಅಷ್ಟು ದಿನಗಳಲ್ಲಿ ಅವನು ಆಡಿದ ಮೊದಲ ನಿಜವಾದ ಮಾತು ಅದೇ.

ಮರುದಿನ ಪಂಡಿತ ಎಲ್ಲರನ್ನೂ ಕರೆದ. ಅಧ್ಯಾಪಕರ ಸಾಲಿನಲ್ಲೇ ಅಡುಗೆಯವಳನ್ನೂ ಆಳನ್ನೂ ಕೂರಿಸಿದ. "ಮಗುವಿನ ಮೇಲೆ ಹೇಳಿದರೆ ಚಾಡಿ. ಮಗುವಿಗಾಗಿ ಹೇಳಿದರೆ ಕಾವಲು. ಇವೆರಡನ್ನೂ ನಾನು ಒಂದೇ ಗಂಟಿನಲ್ಲಿ ಕಟ್ಟಿಟ್ಟೆ," ಎಂದ. ಅಂದಿನಿಂದ ಪಾಠ ಹೇಳುವವರಿಗೇ ಅಲ್ಲಿ ಪಾಠ ಶುರುವಾಯಿತು. ಗಲಾಟೆ ಮಾಡುವ ಮಗುವನ್ನಲ್ಲ, ಬದಲಾದ ಮಗುವನ್ನು ನೋಡಬೇಕು. ಕಂಡದ್ದನ್ನು ಬೀದಿಗೆ ಒಯ್ಯದೆ, ನೋಡಿಕೊಳ್ಳುವವರ ಕಿವಿಗೆ ಮಾತ್ರ ಹಾಕಬೇಕು. ಬುದ್ಧಿ ಹೇಳುವ ಆತುರ ಬಂದರೆ ನಾಲಿಗೆ ಕಚ್ಚಿಕೊಂಡು ಪಕ್ಕದಲ್ಲಿ ಕೂರಬೇಕು. ತಮ್ಮ ಕೈಗೆ ಮೀರಿದ್ದಾದರೆ ನಾಚಿಕೆಪಡದೆ ವೈದ್ಯನನ್ನು ಕರೆಸಬೇಕು. ಹುಡುಗನಿಗೂ ಪಕ್ಕದ ಪಟ್ಟಣದಿಂದ ಒಬ್ಬ ವೈದ್ಯ ಬಂದು ಹೋಗುತ್ತಿದ್ದ. ಎಲ್ಲ ಸರಿಹೋಗಲು ಬಹಳ ಕಾಲ ಹಿಡಿಯಿತು. ಕೆಲವು ದಿನ ಹುಡುಗ ಉಣ್ಣುತ್ತಿದ್ದ, ಕೆಲವು ದಿನ ಉಣ್ಣುತ್ತಿರಲಿಲ್ಲ. ಉಣ್ಣದ ದಿನ ಅಡುಗೆಯವಳು ಬಡಿಸುವುದನ್ನು ಬಿಟ್ಟು ಅವನ ಎದುರು ಕೂರುತ್ತಿದ್ದಳು.

ಗುರುಗಳು ಕತೆ ನಿಲ್ಲಿಸಿದರು. ಕಾತ್ಯಾಯಿನಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

"ಊರಿಗೆ ಹೋದಾಗ ಆ ಹುಡುಗನಿಗೆ ಆದದ್ದೇನು, ಗುರುಗಳೇ?"

"ಅದು ಅವನದು. ಕತೆ ಹೇಳುವವನಿಗೆ ಅದರ ಮೇಲೆ ಹಕ್ಕಿಲ್ಲ."

ಅವಳು ತಲೆಯಾಡಿಸಿದಳು. ಬಹಳ ದಿನಗಳಿಂದ ಎದೆಯ ಮೇಲಿದ್ದ ಭಾರ ಇಳಿದಂತಾಯಿತು. ತನಗೆ ಕಂಡದ್ದು ಸುಳ್ಳಲ್ಲ, ಹೇಳಿದ್ದು ಚಾಡಿಯಲ್ಲ. ಆ ಹಗುರದಲ್ಲಿ ಸಂಕೋಚವೂ ಕಳಚಿಹೋಗಿ ಮಾತು ತಾನಾಗಿ ಬಂತು.

"ನನಗೆ ಅರ್ಥವಾಯಿತು, ಗುರುಗಳೇ. ಹೆಡ್ ಮೇಡಂ ಹತ್ತಿರ ನಾನೇ ಮಾತಾಡುತ್ತೇನೆ. ಬರುವ ತಿಂಗಳು ಎಲ್ಲ ಟೀಚರುಗಳಿಗೂ ಒಂದು ತರಬೇತಿ ಇಡಿಸುತ್ತೇನೆ. ಅಡುಗೆಯವರು, ವಾರ್ಡನ್, ಗೇಟಿನವರು, ಎಲ್ಲರೂ ಬರಬೇಕು. ತಿಳಿದವರನ್ನು ಪಟ್ಟಣದಿಂದ ಕರೆಸೋಣ. ಯಾವ ಮಗು ಹೇಗೆ ಬದಲಾದರೆ ಏನು ಮಾಡಬೇಕು ಅಂತ ಎಲ್ಲರಿಗೂ ಗೊತ್ತಾಗಲಿ. ಮುಂದಿನ ವರ್ಷದ ಹೊತ್ತಿಗೆ ನಮ್ಮ ಶಾಲೆಯಲ್ಲಿ ಒಂದು ಮಗುವೂ ಹಾಗೆ ಒಂಟಿಯಾಗಿ ಇರಬಾರದು."

ಅವಳ ಕಣ್ಣು ಹೊಳೆಯುತ್ತಿತ್ತು. ಗುರುಗಳು ಅವಳ ಮಾತು ಮುಗಿಯುವವರೆಗೂ ಕೇಳಿಸಿಕೊಂಡರು. "ಒಳ್ಳೆಯ ಕೆಲಸ. ಅದನ್ನು ಮಾಡಿಯೇ ಮಾಡು," ಎಂದರು. ಅವಳು ನಮಸ್ಕರಿಸಿ ಎದ್ದಳು.

ಅವಳು ಜಗಲಿ ಇಳಿಯುವಾಗ ಗುರುಗಳು ಕೇಳಿದರು.

"ತಾಯಿ, ಆ ಹುಡುಗಿ ಈಗ ಯಾರ ಜೊತೆ ಇದ್ದಾಳೆ?"

ಕಾತ್ಯಾಯಿನಿ ನಿಂತಲ್ಲೇ ನಿಂತಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಶಾಲೆಯ ಕಡೆಗೆ ಬೇಗ ಬೇಗ ಮೆಟ್ಟಿಲು ಇಳಿದಳು.