ಬ್ಯಾಟರಿ ಉಳಿಸಿಕೊಂಡದ್ದು

ಚನ್ನವೀರಯ್ಯನವರ ಹಳೇ ಕಾರಿನ ಇಂಜಿನ್ ಬೆಳಗಿನಿಂದ ಗರಗರ ತಿರುಗುತ್ತಿತ್ತೇ ಹೊರತು ಸ್ಟಾರ್ಟ್ ಆಗುತ್ತಿರಲಿಲ್ಲ. "ಇವತ್ತೂ ಹೊರಡದಿದ್ದರೆ ಗುಜರಿಯವನನ್ನು ಕರೆಸುತ್ತೇನೆ" ಎಂದು ಗೊಣಗುತ್ತಾ ಅವರು ಮತ್ತೆ ಮತ್ತೆ ಕೀಲಿ ತಿರುಗಿಸುತ್ತಿದ್ದರು. ತಿರುಗಿಸಿದಷ್ಟು ಸಲವೂ ಸೊರಗುತ್ತಿದ್ದದ್ದು ಬ್ಯಾಟರಿ.

"ಇನ್ನೊಂದು ಸಲ ಶಕ್ತಿ ಕೊಡು!" ಎಂದಿತು ಸ್ಟಾರ್ಟರ್ ಮೋಟಾರು. "ಗುಜರಿಗೆ ಹೋಗುವ ಆಸೆಯೇ ನಿನಗೆ?"

"ಇಷ್ಟು ಹೊತ್ತು ಕೊಟ್ಟದ್ದರಿಂದ ಏನಾಯಿತಯ್ಯಾ?" ಎಂದು ಬ್ಯಾಟರಿ ಕೇಳಿತು. "ಸ್ಪಾರ್ಕ್ ಪ್ಲಗ್ಗೇ, ನಿನ್ನ ಕಿಡಿ ಎಲ್ಲಿ?"

"ಕಿಡಿ ಹಾರಿಸುತ್ತಲೇ ಇದ್ದೇನೆ. ಹೊತ್ತಿಸಲು ಒಂದು ತೊಟ್ಟು ಪೆಟ್ರೋಲೂ ಬರುತ್ತಿಲ್ಲ."

"ಬರುವುದಾದರೂ ಹೇಗೆ?" ಎಂದು ಪೆಟ್ರೋಲ್ ಪೈಪು ನರಳಿತು. "ನನ್ನ ಗಂಟಲಲ್ಲಿ ಕಸ ಸಿಕ್ಕಿಕೊಂಡಿದೆ. ಬೆಳಗಿನಿಂದ ಹೇಳುತ್ತಿದ್ದೇನೆ, ಈ ಮೋಟಾರಿನ ಗದ್ದಲದಲ್ಲಿ ಯಾರಿಗೆ ಕೇಳುತ್ತದೆ?"

ಬ್ಯಾಟರಿಗೆ ಸಾಕುಸಾಕಾಗಿತ್ತು. ಇನ್ನೊಮ್ಮೆ ತಿರುಗಿಸುವಷ್ಟು ಜೀವ ಮಾತ್ರ ಉಳಿದಿತ್ತು. ಮತ್ತೆ ಕೀಲಿ ತಿರುಗಿದಾಗ ಅದು ಮಿಸುಕಲೇ ಇಲ್ಲ.

"ಸೋಮಾರಿ! ನಮ್ಮೆಲ್ಲರನ್ನೂ ಮುಳುಗಿಸಿದೆ" ಎಂದು ಮೋಟಾರು ಬೈದಿತು.

ಬೇರೆ ದಾರಿ ಕಾಣದೆ ಚನ್ನವೀರಯ್ಯ ಕೆಳಗಿಳಿದು ಬಾನೆಟ್ ಎತ್ತಿದರು. ಒಂದೊಂದನ್ನೇ ಮುಟ್ಟಿ ನೋಡುತ್ತಾ ಬಂದು, ಪೈಪು ಬಿಚ್ಚಿ ಬಾಯಿಂದ ಊದಿದರು. ಕರಿ ಕಸ ಹೊರಗೆ ಬಿತ್ತು. ಪೈಪನ್ನು ಮತ್ತೆ ಸೇರಿಸಿ, ಅರೆಮನಸ್ಸಿನಿಂದ ಕೀಲಿ ತಿರುಗಿಸಿದರು. ಬ್ಯಾಟರಿ ತನ್ನಲ್ಲಿದ್ದದ್ದನ್ನೆಲ್ಲ ಕೊಟ್ಟಿತು. ಇಂಜಿನ್ ಎರಡು ಸಲ ಕೆಮ್ಮಿ ಸ್ಟಾರ್ಟ್ ಆಯಿತು.

"ಇದನ್ನು ಆಗಲೇ ಕೊಡಲು ನಿನಗೇನಾಗಿತ್ತು?" ಎಂದಿತು ಮೋಟಾರು.

"ಆಗಲೇ ಕೊಟ್ಟಿದ್ದರೆ ಈಗ ಇರುತ್ತಿರಲಿಲ್ಲ" ಎಂದು ಬ್ಯಾಟರಿ ದಣಿದ ದನಿಯಲ್ಲಿ ಹೇಳಿತು.