ಹೊಳೆ ದಾಟಿದ ಮೇಲೆ ಹೆಸರು

ಹೊಳೆಯ ಈಚೆ ದಂಡೆಯಲ್ಲಿ ಒಂದು ಆಶ್ರಮ. ಅಲ್ಲಿ ಜಪದ ಸದ್ದಿಗಿಂತ ಕೀಲಿಮಣೆಯ ಸದ್ದೇ ಜಾಸ್ತಿ. ಗುರುಗಳು ಶಿಷ್ಯರಿಗೆ ಕಲಿಸುತ್ತಿದ್ದದ್ದು ಪ್ರೋಗ್ರಾಮ್ ಬರೆಯುವುದನ್ನು. ಎಲ್ಲರೂ ಅವರನ್ನು ಅಜ್ಜಾರು ಎನ್ನುತ್ತಿದ್ದರು.

ಆಶ್ರಮಕ್ಕೊಂದು ಕಟ್ಟುಪಾಡಿತ್ತು. ಶಿಷ್ಯ ಬರೆದದ್ದು ಹೊಳೆ ದಾಟಿ, ಆಚೆ ದಂಡೆಯ ಊರಿನ ಕಂಪ್ಯೂಟರಿನಲ್ಲಿ ನಡೆದು ತೋರಿಸಬೇಕು. ಅಲ್ಲಿಯವರೆಗೆ ಅದಕ್ಕೆ ಹೆಸರಿಡುವಂತಿಲ್ಲ.

ಶಿಷ್ಯ ಗದಿಗೆಪ್ಪ ಮಾತ್ರ ಹೆಸರನ್ನು ಮೊದಲೇ ಗೊತ್ತುಮಾಡಿಕೊಂಡಿದ್ದ. ‘ಗದಿಗೆಪ್ಪನ ಗಂಟೆ.’ ಬಾಯಿ ಬಿಟ್ಟು ಹೇಳಿರಲಿಲ್ಲ, ಅಷ್ಟೆ.

ಅವನು ಬರೆದದ್ದೂ ಸಾಮಾನ್ಯದ್ದಲ್ಲ. ಮೇಲಿನ ಅಣೆಕಟ್ಟಿನ ಬಾಗಿಲು ತೆಗೆದರೆ ಹೊಳೆ ಒಮ್ಮೆಲೇ ಏರುತ್ತಿತ್ತು. ಮೇಲೆ ದೂರದಲ್ಲಿ ನೀರೊಳಗೆ ನೆಟ್ಟ ಕಂಬವೊಂದು ಆ ಏರಿಕೆಯ ಸುದ್ದಿ ಕಳಿಸುತ್ತದೆ. ಗದಿಗೆಪ್ಪನ ಪ್ರೋಗ್ರಾಮ್ ಅದನ್ನು ಓದಿ, ಊರಿನ ಸಮುದಾಯ ಭವನದ ಮೇಲಿನ ಮೈಕಿನಲ್ಲಿ ಸೈರನ್ ಕೂಗಿಸಬೇಕು.

ಹಿಂದಿನ ಮಳೆಗಾಲದಲ್ಲಿ ಕೂಗಿ ಹೇಳುವವರಿಲ್ಲದೆ ಸಾವಂತ್ರೆವ್ವನ ಎಮ್ಮೆಗಳು ಕೊಚ್ಚಿಹೋಗಿದ್ದವು. ಕೈಲಿದ್ದ ಹಗ್ಗ ಬಿಟ್ಟಿದ್ದಕ್ಕೆ ಅವಳು ಉಳಿದಿದ್ದಳು.

ಆ ದಿನ ಬೆಳಿಗ್ಗೆ ಸುದ್ದಿ ಬಂತು. ಇವತ್ತು ಬಾಗಿಲು ತೆಗೆಯುತ್ತಾರೆ, ಯಾವ ಹೊತ್ತಿಗೆ ಎಂದು ಯಾರಿಗೂ ಗೊತ್ತಿಲ್ಲ. ಹೊಳೆಗಿಳಿಯದೆ ಆಚೆ ಊರಿಗೆ ದಿನ ಸಾಗುವುದಿಲ್ಲ.

ಗದಿಗೆಪ್ಪ ತನ್ನ ಕಂಪ್ಯೂಟರಿನಲ್ಲಿ ಪ್ರೋಗ್ರಾಮನ್ನು ಬಿಲ್ಡ್ ಮಾಡಿ, ಓಡುವ ಫೈಲಾಗಿಸಿದ. ಒಂದೂ ತಪ್ಪಿಲ್ಲ! ಓಡಿಸಿದ. ಪರೀಕ್ಷೆಗೆಂದು ಕೊಟ್ಟ ಸುಳ್ಳು ಏರಿಕೆಗೆ ಸೈರನ್ ಕೂಗಿ ಆಶ್ರಮದ ಪಾರಿವಾಳಗಳನ್ನೆಲ್ಲ ಎಬ್ಬಿಸಿತು. ಪೆನ್‌ಡ್ರೈವ್ ಕಿಸೆಗೆ ಹಾಕಿಕೊಂಡು, ಹರಿಗೋಲು ಹತ್ತಿ, ಆಚೆ ದಂಡೆಗೆ ಹೋದ.

ಹೋದಷ್ಟೇ ಬೇಗ ಮುಖ ಊದಿಸಿಕೊಂಡು ವಾಪಸು ಬಂದ.

“ಅಜ್ಜಾರ, ಅಲ್ಲಿ ಕಂಪ್ಯೂಟರ್ ಸುಮಾರೈತ್ರಿ. ಕರೀ ಕಿಟಕಿ ಒಂದು ತೆರೀತೈತಿ, ಕಣ್ಣ ಪಿಳುಕಿಸೂದ್ರಾಗ ಮುಚ್ಚತೈತಿ.”

“ಏನಂತ ಹೇಳಿ ಮುಚ್ಚಿತು?”

“ಏನೂ ಹೇಳಲಿಲ್ರಿ.”

“ನೀ ನಿಂತು ಕೇಳಿದ್ಯೇನು?”

ಗದಿಗೆಪ್ಪ ಬಂದ ದಾರಿಯಲ್ಲೇ ಮತ್ತೆ ಹೋದ. ಈ ಸಲ ಮೌಸ್ ಒತ್ತಲಿಲ್ಲ. ಮೊದಲು ತಾನೇ ಕರೀ ಕಿಟಕಿ ತೆರೆದು, ಅದರೊಳಗೆ ಪ್ರೋಗ್ರಾಮನ್ನು ಎಬ್ಬಿಸುವ ಆಜ್ಞೆ ಟೈಪ್ ಮಾಡಿದ. ಕಿಟಕಿ ಮುಚ್ಚದೆ ನಿಂತಿತು, ಮಾತೂ ಆಡಿತು. ನಾನು ನೆಚ್ಚಿಕೊಂಡ ಇಂಥ ಲೈಬ್ರರಿ ಫೈಲು ಇಲ್ಲಿಲ್ಲ, ಅದಿಲ್ಲದೆ ನಾನು ಏಳಲಾರೆ.

ಅವನಿಗೆ ಕುಣಿಯುವಷ್ಟು ಖುಷಿಯಾಯಿತು. ಓಡಿ ಬಂದು ಆ ಫೈಲನ್ನು ತನ್ನ ಕಂಪ್ಯೂಟರಿನಿಂದ ಎತ್ತಿಕೊಂಡು ಓಡಿ ಹೋದ. ಈಗ ಬೇರೆ ಇನ್ನೊಂದು ಇಲ್ಲ ಎಂದಿತು. ಅದನ್ನು ತಂದರೆ ಮತ್ತೊಂದು. ಅಂಬಿಗ ಅವನನ್ನು ಕಂಡರೆ ನಗತೊಡಗಿದ. ಹೊತ್ತು ನೆತ್ತಿಗೆ ಬಂತು.

“ಹೋಗಿ ಬಂದು ಹೊಳಿ ಮ್ಯಾಲ ದಾರಿ ಮಾಡಾಕತ್ತೀ ಅನಸ್ತೈತಿ,” ಎಂದರು ಅಜ್ಜಾರು. “ಹೋಗು, ಉಂಡು ಬಾ.”

“ನೀರು ಬರೋ ಹೊತ್ತಿನ್ಯಾಗ ಊಟ ಎಲ್ಲೀದ್ರಿ, ಅಜ್ಜಾರ! ನನ್ನ ಕಂಪ್ಯೂಟರಿನ್ಯಾಗ ಇದು ಚಂದಂಗ ನಡೀತೈತ್ರಿ. ಬೇಕಾದ್ರ ನೀವ ನೋಡ್ರಿ!”

“ನೋಡ್ತೀನಿ. ಉಂಡು ಬಾ.”

ಗಬಗಬನೆ ಎರಡು ರೊಟ್ಟಿ ತಿಂದು ಬಂದವನು ತನ್ನ ಕಂಪ್ಯೂಟರ್ ನೋಡಿ ಬಾಯಿ ತೆರೆದುಕೊಂಡು ನಿಂತ. ಪರದೆ ಬೋಳು. ಅವನು ಬಂದಾಗಿನಿಂದ ಕೂಡಿಸಿಟ್ಟದ್ದೊಂದೂ ಇಲ್ಲ. ಅವನ ಹೆಸರಿದ್ದ ಕಡೆ ‘ಯಾರೋ ಒಬ್ಬರು’ ಎಂದಿತ್ತು.

“ಅಜ್ಜಾರ! ಎಲ್ಲಾ ಅಳಿಸಿಬಿಟ್ರ್ಯಾ!” ಅವನ ದನಿ ಅಳುವಿಗೆ ತಿರುಗಿತು. “ಅದೊಂದ ಜಾಗದಾಗ ನಡೀತಿತ್ತಲ್ರಿ!”

“ನೀ ಬರದದ್ದು ನಿನ್ನ ಕಿಸೇದಾಗ ಐತಿ,” ಎಂದರು ಅಜ್ಜಾರು. “ಹೋಗಿದ್ದು ನೀ ಬರೀದ ಇದ್ದದ್ದು.”

ಗದಿಗೆಪ್ಪನಿಗೆ ಸಿಟ್ಟು ಬಂದಿತ್ತು. ಆದರೂ ಕೂತು ಪೆನ್‌ಡ್ರೈವ್ ಸಿಕ್ಕಿಸಿ ಪ್ರೋಗ್ರಾಮನ್ನು ಓಡಿಸಿದ. ಆಚೆ ದಂಡೆಯಲ್ಲಿ ಹೇಳಿದ ಮಾತನ್ನೇ ಅದು ಇಲ್ಲೂ ಹೇಳಿತು.

ಅವನ ಸಿಟ್ಟು ಅಲ್ಲೇ ನಿಂತಿತು.

“ಅಜ್ಜಾರ,” ಎಂದ ಮೆಲ್ಲಗೆ, “ಇಲ್ಲೂ ನಡೀವಲ್ದು!”

“ಮತ್ತ ಹೊಳಿ ಯಾಕ ದಾಟ್ತೀ? ಆಚೀ ದಂಡೀ ತಾನ ಇಲ್ಲಿಗೆ ಬಂದು ಕುಂತೈತಿ.”

ಆಮೇಲೆ ಗದಿಗೆಪ್ಪನನ್ನು ಹಿಡಿಯುವವರಿರಲಿಲ್ಲ. ಬಿಲ್ಡ್ ಮಾಡುವುದು ಅಜ್ಜಾರ ಕಂಪ್ಯೂಟರಿನಲ್ಲಿ, ಓಡಿಸಿ ನೋಡುವುದು ತನ್ನ ಬೋಳು ಕಂಪ್ಯೂಟರಿನಲ್ಲಿ. ಒಂದೊಂದು ಕೊರತೆ ಸಿಕ್ಕಾಗಲೂ ಕೇಕೆ ಹಾಕಿದ. ಆ ಲೈಬ್ರರಿ, ಹೊಸದಾಗಿ ಆಶ್ರಮಕ್ಕೆ ಬಂದಾಗ ತಾನೇ ಹಾಕಿಕೊಂಡು ಮರೆತದ್ದು! ಇದು, ಇನ್ಯಾವುದೋ ಕೆಲಸಕ್ಕೆ ತಂದದ್ದು! ಎಲ್ಲವನ್ನೂ ಅಜ್ಜಾರ ಕಂಪ್ಯೂಟರಿನಿಂದ ತೆಗೆದು ಪ್ರೋಗ್ರಾಮಿನ ಜೊತೆಯಲ್ಲೇ ಒಂದು ಗಂಟಾಗಿ ಕಟ್ಟಿದ. ಈಗ ಅದು ಎದ್ದು ನಿಂತಿತು, ಕಂಬದ ಸುದ್ದಿಯನ್ನೂ ಓದಿತು. ಸುಳ್ಳು ಏರಿಕೆ ಕೊಟ್ಟರೂ ಸೈರನ್ ಮಾತ್ರ ಕೂಗಲಿಲ್ಲ.

ಗದಿಗೆಪ್ಪ ಕರೀ ಕಿಟಕಿಗೆ ಮೂಗು ತಾಗಿಸಿ ಓದಿದ. ಸೈರನ್ನಿನ ಸದ್ದಿನ ಫೈಲು ಸಿಗುತ್ತಿಲ್ಲ. ಹುಡುಕುತ್ತಿರುವ ಜಾಗ, ಗದಿಗೆಪ್ಪ ಎಂಬ ಫೋಲ್ಡರ್.

“ಅಜ್ಜಾರ! ಅಜ್ಜಾರ! ಇದು ನನ್ನ ಹುಡುಕಾಕತ್ತೈತ್ರಿ!”

“ಆಚೀ ಊರಾಗ ಗದಿಗೆಪ್ಪ ಅನ್ನಾಂವ ಅದಾನೇನು?”

“ಇಲ್ರಿ.”

“ಹಂಗಾರ?”

ಗದಿಗೆಪ್ಪ ಆ ಸಾಲಿನಿಂದ ತನ್ನ ಹೆಸರು ಅಳಿಸಿದ. ನೀನು ನಿಂತಲ್ಲೇ, ನಿನ್ನ ಪಕ್ಕದಲ್ಲೇ ಹುಡುಕು ಎಂದು ಬರೆದ. ಪೆನ್‌ಡ್ರೈವಿನ ಮೂಲೆಯಲ್ಲಿದ್ದ ಸದ್ದಿನ ಫೈಲನ್ನೂ ಗಂಟಿಗೆ ಸೇರಿಸಿದ. ಬಿಲ್ಡ್ ಮಾಡಿ ಓಡಿಸಿದ.

ಪಾರಿವಾಳಗಳು ಮತ್ತೆ ಎದ್ದವು.

“ಈ ಸಲ ನಾನೂ ಬರ್ತೀನಿ,” ಎಂದು ಅಜ್ಜಾರು ಮೆಟ್ಟು ಮೆಟ್ಟಿಕೊಂಡರು.

ಹರಿಗೋಲು ಆಚೆ ದಂಡೆ ಮುಟ್ಟಿದಾಗ ಬಟ್ಟೆ ಒಗೆಯುವವರು ಇನ್ನೂ ನೀರಲ್ಲೇ ಇದ್ದರು. ಸಾವಂತ್ರೆವ್ವ ಹೊಸದಾಗಿ ಕೊಂಡ ಎಮ್ಮೆಯ ಮೈ ತಿಕ್ಕುತ್ತಿದ್ದಳು. ಗದಿಗೆಪ್ಪನನ್ನು ಕಂಡು, “ಮತ್ತ ಬಂದ್ಯಾ ತಮ್ಮಾ?” ಎಂದು ನಕ್ಕಳು.

ಗದಿಗೆಪ್ಪ ಉತ್ತರ ಕೊಡಲು ನಿಲ್ಲಲಿಲ್ಲ. ಊರಿನ ಕಂಪ್ಯೂಟರಿದ್ದ ಭವನಕ್ಕೆ ಓಡಿ, ಗಂಟು ಬಿಚ್ಚಿ, ಪ್ರೋಗ್ರಾಮನ್ನು ಎಬ್ಬಿಸಿದ. ಕಿಟಕಿ ಮುಚ್ಚಲಿಲ್ಲ. ದೂರು ಹೇಳಲಿಲ್ಲ. ಕಂಬದ ಸುದ್ದಿ ಓದುತ್ತ ತನ್ನ ಪಾಡಿಗೆ ಕೂತಿತು. ಅವನು ಪರದೆಯ ಮೇಲಿನ ನೀರಿನ ಮಟ್ಟದ ಅಂಕಿ ನೋಡುತ್ತ ನಿಂತ.

ಅಂಕಿ ಏರಿತು. ಮತ್ತೆ ಏರಿತು.

ಛಾವಣಿಯ ಮೇಲಿನ ಮೈಕು ಊರೇ ನಡುಗುವಂತೆ ಕೂಗಿತು.

“ಏಳ್ರೋ! ಮ್ಯಾಲ ಹತ್ರೋ!” ಸಾವಂತ್ರೆವ್ವನ ದನಿ ಸೈರನ್ನಿಗೂ ಮಿಗಿಲಾಗಿತ್ತು. ಅವಳು ಎಮ್ಮೆಯ ಹಗ್ಗ ಹಿಡಿದು ಎಳೆದಳು. ಉಳಿದವರು ಒದ್ದೆ ಬಟ್ಟೆ ಬಾಚಿಕೊಂಡು, ಮಕ್ಕಳನ್ನು ಮುಂದೆ ನೂಕಿಕೊಂಡು ಮೆಟ್ಟಿಲು ಹತ್ತಿದರು. ಅಂಬಿಗ ಹರಿಗೋಲನ್ನು ತಲೆಯ ಮೇಲೆ ಹೊತ್ತು ಬಂದ.

ಎಲ್ಲರೂ ಮೇಲೆ ಬಂದು ಉಸಿರು ತಿರುಗಿಸಿಕೊಳ್ಳುವಷ್ಟರಲ್ಲಿ ಕೆಂಪು ನೀರು ಬಂತು. ಒಗೆಯುವ ಕಲ್ಲುಗಳು ಮುಳುಗಿದವು. ಮೆಟ್ಟಿಲು ಅರ್ಧ ಮುಳುಗಿತು.

ಸಾವಂತ್ರೆವ್ವ ಎಮ್ಮೆಯ ಕೊರಳು ತಬ್ಬಿಕೊಂಡು ಅತ್ತಳು. ಹಗ್ಗ ಇನ್ನೂ ಅವಳ ಕೈಯಲ್ಲೇ ಇತ್ತು. ಅದನ್ನು ನೋಡಿ ಗದಿಗೆಪ್ಪನಿಗೂ ಕಣ್ಣೀರು ಬಂತು. ನಗುವೂ ಬಂತು. ಯಾವುದನ್ನೂ ತಡೆಯಲು ಅವನಿಂದಾಗಲಿಲ್ಲ.

ಸಂಜೆ ಭವನದ ಗೋಡೆಯ ಮುಂದೆ ಅವನು ಇದ್ದಿಲು ಹಿಡಿದು ನಿಂತಿದ್ದ. ಅಜ್ಜಾರು ಕಟ್ಟೆಯ ಮೇಲೆ ಕೂತು ಹೊಳೆ ನೋಡುತ್ತಿದ್ದರು.

“ಅಜ್ಜಾರ, ಹೊಳಿ ದಾಟೇತ್ರಿ. ಇನ್ನ ಹೆಸರಿಡಬಹುದಲ್ರಿ?”

“ಇಡಬಹುದು. ಏನಂತ ಇಡ್ತೀ?”

“ಗದಿಗೆಪ್ಪನ ಗಂಟೆ ಅಂತ್ರಿ.”

ಅಜ್ಜಾರು ತಿರುಗಿ ಅವನನ್ನು ನೋಡಿದರು.

“ಬರಿ ತಮ್ಮಾ, ಬರಿ. ನಾಳಿಗೆ ಅದು ಮತ್ತ ಗದಿಗೆಪ್ಪನ್ನ ಹುಡುಕ್ಕೋತ ಕುಂತು ಕೂಗಲಿಲ್ಲಂದ್ರ ಮಾತ್ರ ನನ್ನ ಕೇಳಬ್ಯಾಡ.”