ಹೊರಗಿನ ಪಂಪು

"ಅಜ್ಜಾರ, ಕಷ್ಟದಾಗ ಇದ್ದವರಿಗೆ ಹೊರಗ ನಿಂತು ನೆರವಾದರ ಸಾಕೋ, ಅವರ ಮನಿ ಒಳಗ ಹೊಕ್ಕು ನಿಲ್ಲಬೇಕೋ?" ಎಂದು ಮಠದ ಅಜ್ಜನವರನ್ನು ಮುರಿಗೆಪ್ಪ ಕೇಳಿದ.

ಕೇಳಲು ಕಾರಣವಿತ್ತು. ಅವನ ತಂಗಿಯ ಗಂಡ ಲಕ್ವ ಹೊಡೆದು ಹಾಸಿಗೆ ಹಿಡಿದು ಎಂಟು ತಿಂಗಳಾಗಿತ್ತು. ತಂಗಿಯ ಮನೆ ಎರಡು ಓಣಿ ಆಚೆ. ಮುರಿಗೆಪ್ಪ ದಿನವೂ ಫೋನು ಮಾಡುತ್ತಿದ್ದ, ಔಷಧಿ ಕಳಿಸುತ್ತಿದ್ದ, ಹಣ್ಣು ಕಳಿಸುತ್ತಿದ್ದ. ತಾನು ಮಾತ್ರ ಹೋಗುತ್ತಿರಲಿಲ್ಲ. ಹೋದರೆ ಆ ಕೋಣೆಯ ವಾಸನೆ, ತಂಗಿಯ ಅಳು ಎರಡು ದಿನ ಮನಸ್ಸಿನಿಂದ ಇಳಿಯುತ್ತಿರಲಿಲ್ಲ. ಪೂಜೆಗೆ ಕೂತರೆ ಚಿತ್ತ ನಿಲ್ಲುತ್ತಿರಲಿಲ್ಲ. ಮೊನ್ನೆ ಅವಳು, "ಅಣ್ಣಾ, ಒಮ್ಮೆರ ಬಂದು ಹೋಗಪಾ" ಎಂದಿದ್ದಳು. ಆ ಮಾತು ಅವನನ್ನು ಚುಚ್ಚುತ್ತಿತ್ತು. ಹೊರಗಿದ್ದರೂ ಸಾಕು ಎಂದು ಅಜ್ಜನವರ ಬಾಯಿಂದಲೇ ಬಂದುಬಿಟ್ಟರೆ ನೆಮ್ಮದಿಯಾಗಿರಬಹುದು ಎಂಬ ಆಸೆ ಅವನದು.

ಅಜ್ಜನವರು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ವ್ಯಾಪಾರಿ ಇದ್ದ. ಅವನ ಮಗಳು ಗಾಜಿನ ತೊಟ್ಟಿಯಲ್ಲಿ ಐದು ಮೀನು ಸಾಕಿದ್ದಳು. ಗಂಡನ ಮನೆಗೆ ಹೋಗುವಾಗ ಅವನ್ನು ತಂದೆಗೆ ಒಪ್ಪಿಸಿ, ನೋಡಿಕೋ ಎಂದು ಕಣ್ಣೊರೆಸಿಕೊಂಡು ಹೋದಳು. ಕೆಲವು ದಿನಕ್ಕೆ ತೊಟ್ಟಿಯ ಪಂಪು ಸುಟ್ಟುಹೋಯಿತು. ನೀರು ತಿರುಗದೆ ನಿಂತರೆ ಕೆಡುತ್ತದೆ, ಮೀನಿಗೆ ಉಸಿರು ಸಾಲದು. ವ್ಯಾಪಾರಿ ಹೊಸ ಪಂಪು ತರಲು ಅಂಗಡಿಗೆ ಹೋದ.

ಅಂಗಡಿಯವನು ಎರಡು ಬಗೆ ತೋರಿಸಿದ. ಒಂದು ನೀರೊಳಗೆ ಮುಳುಗಿಯೇ ಇರುವುದು. ಅದರ ಸದ್ದು ಕೇಳಿಸದು, ಸೋರುವ ಭಯವೂ ಇಲ್ಲ. ಆದರೆ ತನ್ನ ಬಿಸಿಯನ್ನು ನೀರಿಗೇ ಬಿಡುತ್ತದೆ, ತೊಳೆಯಬೇಕಾದರೆ ತೊಟ್ಟಿಯೊಳಗೆ ಕೈ ಹಾಕಿ ತೆಗೆಯಬೇಕು. ಇನ್ನೊಂದು ಹೊರಗೆ ಕೂತು, ಪೈಪಿನಿಂದ ನೀರೆಳೆದು, ಸೋಸಿ, ಮತ್ತೆ ತೊಟ್ಟಿಗೆ ಬಿಡುವುದು. ಅದರಿಂದ ನೀರು ಬಿಸಿಯಾಗದು, ಕೆಟ್ಟರೆ ರಿಪೇರಿ ಸುಲಭ. ಆದರೆ ಸದಾ ಗುಂಯ್ ಎನ್ನುತ್ತದೆ, ಜೋಡಣೆ ಸಡಿಲವಾದರೆ ನೆಲವೆಲ್ಲ ನೀರು.

ವ್ಯಾಪಾರಿ ಮೂರು ಹೊತ್ತು ಲಿಂಗಪೂಜೆ ಮಾಡುವವನು. ಮೀನಿನ ನೀರಿನಲ್ಲಿ ಅದ್ದಿದ ಕೈಯಿಂದ ಲಿಂಗ ಮುಟ್ಟುವುದು ಅವನಿಂದಾಗದು. ಕೈ ಹಾಕಿದರೆ ಮತ್ತೆ ಸ್ನಾನವೇ ಆಗಬೇಕು. ಹೊರಗಿನ ಪಂಪು ಎಂದ ಕೂಡಲೇ ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂಬಂತಾಯಿತು. ಅದನ್ನೇ ಕೊಂಡ. ನೀರೆಳೆಯುವ ಪೈಪಿನ ಬಾಯಿಗೆ ಸ್ಪಂಜು ಇದೆ, ಅದು ನೀರೊಳಗೇ ಇರುತ್ತದೆ, ವಾರಕ್ಕೊಮ್ಮೆ ತೆಗೆದು ತೊಳೆಯಿರಿ ಎಂದು ಅಂಗಡಿಯವನು ಹೇಳಿದ. ಅದು ಕಿವಿಯ ಮೇಲೆ ಬಿತ್ತು, ಒಳಗೆ ಇಳಿಯಲಿಲ್ಲ.

ಪಂಪು ಚೆನ್ನಾಗಿಯೇ ನಡೆಯಿತು. ಮೀನು ಹೇಗಿವೆ ಎಂದು ಮಗಳು ಫೋನಿನಲ್ಲಿ ಕೇಳಿದರೆ ವ್ಯಾಪಾರಿ ಫೋನನ್ನು ಪಂಪಿನ ಹತ್ತಿರ ಹಿಡಿಯುತ್ತಿದ್ದ. ಆ ಸದ್ದು ಕೇಳಿ ಅವಳಿಗೂ ಸಮಾಧಾನ, ಅವನಿಗೂ ಸಮಾಧಾನ. ತೊಟ್ಟಿಯೊಳಗೆ ಮಾತ್ರ ಯಾರೂ ಬಗ್ಗಿ ನೋಡಲಿಲ್ಲ.

ತಿಂಗಳು ಕಳೆಯುವಷ್ಟರಲ್ಲಿ ಮೀನುಗಳು ನೀರಿನ ಮೇಲಕ್ಕೆ ಬಂದು ಬಾಯಿ ಬಿಡತೊಡಗಿದವು. ಹಸಿದಿವೆ ಎಂದುಕೊಂಡು ವ್ಯಾಪಾರಿ ಇನ್ನೊಂದು ಚಿಟಿಕೆ ಆಹಾರ ಹಾಕಿದ. ಮರುದಿನ ಇನ್ನೂ ಒಂದು. ತಿನ್ನದೆ ಉಳಿದದ್ದೆಲ್ಲ ಹೋಗಿ ಸ್ಪಂಜಿಗೆ ಮೆತ್ತಿತು. ಪಂಪು ಗುಂಯ್ ಎನ್ನುತ್ತಲೇ ಇತ್ತು, ತೊಟ್ಟಿಗೆ ಬೀಳುವ ನೀರು ದಾರದಷ್ಟಾಗಿತ್ತು.

ಪಂಚಮಿ ಹಬ್ಬಕ್ಕೆ ಮಗಳು ತವರಿಗೆ ಬಂದಳು. ಅಂದು ಬೆಳಗ್ಗೆಯೇ ನಾಲ್ಕು ಮೀನು ಸತ್ತು ತೇಲಿದ್ದವು. ಐದನೆಯದು ಓರೆಯಾಗಿ ಉಸಿರೆಳೆಯುತ್ತಿತ್ತು. ಅವಳು ಚೀಲ ಇಳಿಸಿ, ಬಳೆ ಮೇಲೇರಿಸಿ, ಮೊಣಕೈವರೆಗೆ ಕೈ ಇಳಿಬಿಟ್ಟು ಸ್ಪಂಜನ್ನು ಎಳೆದು ತೆಗೆದಳು. ಅದು ಕೊಳೆತು ಕೆಸರಾಗಿತ್ತು.

"ಅಪ್ಪಾ, ಪಂಪು ಹೊರಗಿದ್ದರ ಕಸಾನೂ ಹೊರಗ ಇರತೈತೇನು?" ಎಂದಳು.

"ದಿನಾ ಸದ್ದು ಕೇಳತಿತ್ತವಾ," ಎಂದ ವ್ಯಾಪಾರಿ.

ಮಗಳು ಸ್ಪಂಜು ತೊಳೆದು ಹಾಕಿದಳು. ನೀರು ಮೊದಲಿನಂತೆ ಧುಮುಕಿತು, ಐದನೆಯ ಮೀನು ಉಳಿಯಿತು. ಆದರೆ ನಾಲ್ಕು ಜೀವ ತನ್ನ ಕಣ್ಣೆದುರಿಗೇ ಉಸಿರಿಗಾಗಿ ಬಾಯಿ ಬಿಟ್ಟಿದ್ದವು ಎಂದು ತಿಳಿದ ಮೇಲೆ ವ್ಯಾಪಾರಿ ಹಬ್ಬದ ಉಂಡಿಯನ್ನು ಮುಟ್ಟದೆ ತಟ್ಟೆ ಪಕ್ಕಕ್ಕೆ ಸರಿಸಿದ.

ಅಜ್ಜನವರು ಕತೆ ಮುಗಿಸಿದರು. ಮುರಿಗೆಪ್ಪ ಕೂತಲ್ಲೇ ಸ್ವಲ್ಪ ಮಿಸುಕಾಡಿದ. ಕತೆಯಲ್ಲಿ ತನಗೊಂದು ಸಂದಿ ಸಿಕ್ಕೀತೇ ಎಂದು ಹುಡುಕಿದ.

"ಹಂಗಾದರ ನೀರೊಳಗಿನ ಪಂಪೇ ಚಲೋ ಅಂದಂಗಾತಲ್ಲರೀ, ಅಜ್ಜಾರ?"

"ಇಲ್ಲ. ಆ ಮನಿಯಾಗ ಈಗೂ ಹೊರಗಿನ ಪಂಪೇ ನಡದೈತಿ, ಆದರ ವಾರಕ್ಕೊಮ್ಮೆ ಅಂವನ ಕೈ ಹಾಕಿ ಸ್ಪಂಜು ತೊಳೀತಾನ, ಉಳಿದ ಮೀನೂ ಚಲೋ ಐತಿ," ಎಂದರು ಅಜ್ಜನವರು. ಆಮೇಲೆ ಮೆಲ್ಲಗೆ ಕೇಳಿದರು: "ನಿನ್ನ ತಂಗಿ ಗಂಡನ್ನ ಮಗ್ಗಲಾ ಹೊರಳಿಸುವಾಗ ಆ ಕಡೆ ಯಾರು ಹಿಡೀತಾರ, ಮುರಿಗೆಪ್ಪಾ?"

ಮುರಿಗೆಪ್ಪನಿಗೆ ಗೊತ್ತಿರಲಿಲ್ಲ.